ನೋಡಿಲ್ಲ ಎಂದು ಬರೆದವರು

ಅವರ ಹೆಸರು ಬರೆಯುವುದಿಲ್ಲ. ಒಮ್ಮೆ ಅವರ ಹೆಸರಿನಲ್ಲಿ ನಾನು ಬರೆದದ್ದೇ ಸಾಕಾಗಿದೆ.

ಗೋದಾಮಿನಲ್ಲಿ ಎಲ್ಲರೂ ಅವರನ್ನು ಯಜಮಾನ್ರು ಎನ್ನುತ್ತಿದ್ದರು. ಲೋಡಿಂಗ್‌ನವರು, ಡ್ರೈವರುಗಳು, ಕ್ಯಾಂಟೀನಿನ ಅಕ್ಕ, ಕೊನೆಗೆ ಅವರಿಗಿಂತ ಇಪ್ಪತ್ತು ವರ್ಷ ಚಿಕ್ಕವರಾದ ಮ್ಯಾನೇಜರ್ ಕೂಡ. ಅಷ್ಟು ದೊಡ್ಡ ಹೆಸರಿಗೆ ತಕ್ಕಂತೆ ಅವರ ಕೈಯಲ್ಲಿ ಇದ್ದದ್ದು ಒಂದು ಕೋಲ್ಡ್ ರೂಮಿನ ಬೀಗದಕೈ, ಒಂದು ರಿಜಿಸ್ಟರು, ಒಂದು ಮಂಕಿ ಕ್ಯಾಪು. ಹೋದ ತಿಂಗಳು ಅವರು ತೀರಿಕೊಂಡರು. ಫೋನ್ ಮಾಡಿ ಹೇಳಿದವನು ಹಿಂದೆ ನಮ್ಮಲ್ಲಿ ಗಾಡಿ ಓಡಿಸುತ್ತಿದ್ದ ಒಬ್ಬ ಡ್ರೈವರು. "ನಿಮಗೆ ಹೇಳ್ಬೇಕು ಅನ್ನಿಸ್ತು ಮೇಡಂ. ನಿಮ್ ಮೇಲೆ ಬಾಳ ಅಭಿಮಾನ ಇಟ್ಕೊಂಡಿದ್ರು" ಅಂದ. ಫೋನ್ ಇಟ್ಟು ಅತ್ತುಬಿಟ್ಟೆ ಎಂದು ಬರೆದರೆ ನನಗೇ ಒಳ್ಳೆಯ ಹೆಸರು ಬರುತ್ತದೆ. ಆದರೆ ನಾನು ಅಳಲಿಲ್ಲ. ಕಿವಿ ಬಿಸಿಯಾಯಿತು, ಕುರ್ಚಿ ಬಿಟ್ಟು ಎದ್ದು ಹೋಗಿ ಮುಖ ತೊಳೆದುಕೊಂಡೆ. ನನಗೆ ಆದದ್ದು ನಾಚಿಕೆ, ದುಃಖವಲ್ಲ.

ನಮ್ಮ ಗೋದಾಮು ಹೊಸಕೋಟೆ ತಾಲ್ಲೂಕಿನಲ್ಲಿ, ಸಮೇತನಹಳ್ಳಿ ಕಡೆಯ ದಾರಿಯಲ್ಲಿತ್ತು. ಎರಡೂ ಬದಿ ಶೆಡ್ಡುಗಳು, ನಡುವೆ ಎಲ್ಲೋ ಒಂದು ತುಂಡು ರಾಗಿ ಹೊಲ. ಬೇರೆ ಶೆಡ್ಡುಗಳಲ್ಲಿ ಟಿ.ವಿ., ಚಪ್ಪಲಿ, ಬಿಸ್ಕತ್ತು. ನಮ್ಮದರಲ್ಲಿ ಔಷಧಿ. ಬೇರೆ ಬೇರೆ ಕಂಪನಿಗಳ ಔಷಧಿಯನ್ನು ನಾವು ತರಿಸಿಟ್ಟುಕೊಂಡು ಅಂಗಡಿ, ಆಸ್ಪತ್ರೆಗಳಿಗೆ ಕಳಿಸಿಕೊಡುವುದು. ಮಾತ್ರೆ, ಸಿರಪ್ಪು ಎಲ್ಲ ಹೊರಗಿನ ರ‍್ಯಾಕುಗಳಲ್ಲಿ. ಇನ್ಸುಲಿನ್, ಲಸಿಕೆಗಳಂಥವು ಮಾತ್ರ ಕೋಲ್ಡ್ ರೂಮಿನಲ್ಲಿ, ಎರಡು ಡಿಗ್ರಿಯಿಂದ ಎಂಟು ಡಿಗ್ರಿಯ ಒಳಗೆ. ಎರಡಕ್ಕಿಂತ ಇಳಿದರೂ ಕೆಟ್ಟಿತು, ಎಂಟಕ್ಕಿಂತ ಏರಿದರೂ ಕೆಟ್ಟಿತು. ನಾನು ಆಗ ಫಾರ್ಮಸಿ ಓದು ಮುಗಿಸಿ, ದೊಡ್ಡಬಳ್ಳಾಪುರದಿಂದ ಬಂದು ಕ್ವಾಲಿಟಿ ವಿಭಾಗಕ್ಕೆ ಸೇರಿದ್ದೆ. ವಿಭಾಗ ಎಂದರೆ ನಾನೊಬ್ಬಳೇ.

ಕೋಲ್ಡ್ ರೂಮಿನ ಬಾಗಿಲ ಪಕ್ಕ ಒಂದು ಮೊಳೆ. ಅದಕ್ಕೆ ಅವರ ಕಂದು ಸ್ವೆಟರು, ಮಂಕಿ ಕ್ಯಾಪು. ಏಪ್ರಿಲ್ ಬಿಸಿಲಲ್ಲಿ ನಾವೆಲ್ಲ ಬೆವರು ಒರೆಸಿಕೊಳ್ಳುತ್ತಿದ್ದರೆ ಇವರು ಎರಡು ಗಂಟೆಗೊಮ್ಮೆ ಚಳಿಗಾಲದ ವೇಷ ಹಾಕಿಕೊಂಡು ಒಳಗೆ ಹೋಗುವರು. ಒಳಗೆ ಮೂರು ಮೂಲೆಯಲ್ಲಿ ಮೂರು ಥರ್ಮಾಮೀಟರು. ಮೂರನ್ನೂ ನೋಡಿಕೊಂಡು ಹೊರಗೆ ಬಂದರೆ ಕನ್ನಡಕದ ತುಂಬ ಮಂಜು. ಅದನ್ನು ಅವರು ಒರೆಸುತ್ತಿರಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಅದು ತಾನಾಗಿ ಕರಗುವವರೆಗೂ ತುಟಿ ಅಲ್ಲಾಡಿಸುತ್ತ ಮೂರು ಅಂಕಿಗಳನ್ನು ಹೇಳಿಕೊಳ್ಳುವರು. ಆಗ ಯಾರೂ ಮಾತಾಡಿಸುವ ಹಾಗಿರಲಿಲ್ಲ. ಒಮ್ಮೆ ಮ್ಯಾನೇಜರೇ ಏನೋ ಕೇಳಿಬಿಟ್ಟಿದ್ದಕ್ಕೆ, "ಥೂ, ಹೊರಟೋಯ್ತು" ಎಂದು ಬೈದುಕೊಂಡು ಮತ್ತೆ ಒಳಗೆ ಹೋಗಿ ಮೂರನ್ನೂ ನೋಡಿಕೊಂಡು ಬಂದರು. ಮ್ಯಾನೇಜರ್ ಫೋನು ಹಿಡಿದುಕೊಂಡು ಕಾಯುತ್ತ ನಿಂತಿದ್ದರು.

ಅವರು ಓದಿದ್ದು ಏಳನೇ ಕ್ಲಾಸು. ನಂದಗುಡಿ ಹೋಬಳಿಯ ಒಕ್ಕಲು ಮನೆತನ. ಚಿಕ್ಕ ವಯಸ್ಸಿನಲ್ಲಿ ಹೊಸಕೋಟೆಯ ಒಂದು ಲಾರಿ ಆಫೀಸಿನಲ್ಲಿ ಹಮಾಲಿಗೆ ಸೇರಿ, ಆಮೇಲೆ ಲಾರಿ ಜೊತೆ ಔಷಧಿ ತಲುಪಿಸಿ ಬರುವ ಕೆಲಸಕ್ಕೆ ಬಡ್ತಿ ಪಡೆದವರು. ಅವರ ಕಾಲದ ಸಾಗಣೆಯ ಕಥೆಗಳನ್ನು ಊಟದ ಹೊತ್ತಿನಲ್ಲಿ ನಾನು ಕೇಳುತ್ತಿದ್ದೆ. ಕೇಳುತ್ತಿದ್ದೆ ಎನ್ನುವುದಕ್ಕಿಂತ ಒಂದು ಕಿವಿಯಲ್ಲಿ ಕೇಳಿಸಿಕೊಂಡು ಇನ್ನೊಂದರಲ್ಲಿ ಬಿಡುತ್ತಿದ್ದೆ. ಡಿಗ್ರಿ ಮಾಡಿಕೊಂಡು ಬಂದವಳಲ್ಲವೇ, ಮುದ್ದೆ ಮುರಿಯುತ್ತ ಹೇಳುವ ಮಾತಿನಲ್ಲಿ ಕಲಿಯುವುದೇನಿದೆ ಎಂಬ ಅಹಂಕಾರ.

ಒಂದು ಕಥೆ ಮಾತ್ರ ಆಗಲೂ ಕಿವಿಯಲ್ಲಿ ಉಳಿದಿತ್ತು. ಆಗ ರಾಜ್ಯದ ಗಡಿಗೊಂದು ಚೆಕ್‌ಪೋಸ್ಟು. ಒಂದು ಫಾರಂ ಕಡಿಮೆ ಇದ್ದರೂ ಲಾರಿ ಪಕ್ಕಕ್ಕೆ. ಇವರ ಲಾರಿಯನ್ನೂ ಒಂದು ಸಲ ಹಾಗೆ ಬೆಳಿಗ್ಗೆಯೇ ನಿಲ್ಲಿಸಿಬಿಟ್ಟರು. ಒಳಗೆ ಥರ್ಮೋಕೋಲ್ ಡಬ್ಬಗಳಲ್ಲಿ ಆಸ್ಪತ್ರೆಗೆ ಹೋಗಬೇಕಾದ ಲಸಿಕೆ. ಮಧ್ಯಾಹ್ನದ ಹೊತ್ತಿಗೆ ಐಸು ನೀರಾಯಿತು. ಚೆಕ್‌ಪೋಸ್ಟಿನ ಹತ್ತಿರ ಐಸ್‌ಕ್ಯಾಂಡಿ ಮಾರುವವನೊಬ್ಬ ಸೈಕಲ್ಲಿನಲ್ಲಿ ಬಂದ. ಇವರು ಅವನ ಡಬ್ಬಿಯಲ್ಲಿದ್ದ ಕ್ಯಾಂಡಿಯನ್ನೆಲ್ಲ ಖರೀದಿಸಿ, ಔಷಧಿಗೆ ನೇರ ತಾಗದ ಹಾಗೆ ನಡುವೆ ನ್ಯೂಸ್‌ಪೇಪರ್ ಹಾಸಿ, ಡಬ್ಬಗಳಿಗೆ ತುಂಬಿದರು.

"ಕೆಂಪು, ಹಸ್ರು, ಕಿತ್ತಳೆ, ಎಲ್ಲಾ ಬಣ್ಣದ್ದೂ ಹಾಕ್ಬಿಟ್ಟೆ. ಡ್ರೈವರ್ ನನ್ ಮಗ ಎರಡು ತಿಂದ್ಬಿಟ್ಟ" ಎಂದು ಅವರೇ ನಗುವರು.

"ಔಷಧಿ ಉಳೀತಾ?" ಎಂದು ಕೇಳಿದ್ದೆ.

"ಅದ್ಯಾರಿಗ್ ಗೊತ್ತು? ಐಸ್ ನೀರಾಗಿದ್ದು ಯಾವಾಗ, ನಾನು ನೋಡಿದ್ದು ಯಾವಾಗ. ಚೀಟಿ ಮೇಲೆ ಬರ್ದೆ, ನಡುವೆ ಇಷ್ಟು ಹೊತ್ತು ಐಸ್ ಇತ್ತೋ ಇಲ್ವೋ ನೋಡಿಲ್ಲ ಅಂತ. ಆಸ್ಪತ್ರೆಯೋರು ಓದ್ಬಿಟ್ಟು ಮಾಲೇ ಇಳಿಸ್ಕೊಳ್ಳಲಿಲ್ಲ. ಲಾರಿ ಓನರು ನನ್ನ ಅಟ್ಟಾಡಿಸ್ಕೊಂಡು ಬೈದ್ರು."

"ಮತ್ತೆ ಅಷ್ಟೆಲ್ಲ ಕಷ್ಟ ಪಟ್ಟಿದ್ದು ಯಾಕೆ? ಬರೀದೆ ಇದ್ದಿದ್ರೆ ಆಗ್ತಿತ್ತಲ್ಲ?"

ಅವರು ಮುದ್ದೆಯನ್ನು ಸಾರಿನಲ್ಲಿ ಹೊರಳಿಸುತ್ತ, "ತಲುಪ್ಸೋದೇ ನಮ್ ಕೆಲ್ಸ ಅಂತಾರೆ ಕಣಮ್ಮ ಎಲ್ರೂ. ತಲುಪ್ದಾಗ ಅದು ಅದೇ ಆಗಿರ್ಬೇಕಲ್ವಾ?" ಅಂದರು. "ಹಾಲಾದ್ರೆ ಕೆಟ್ಟಾಗ ಒಡೆದು ತಾನೇ ಹೇಳುತ್ತೆ. ಇದು ಹೇಳಲ್ಲ. ಕೆಟ್ಟಿದ್ರೂ ನೀರಿನಂಗೆ ಇರುತ್ತೆ. ಅದ್ರ ಪರವಾಗಿ ನಾವೇ ಹೇಳ್ಬೇಕು."

ದೊಡ್ಡ ದೊಡ್ಡ ಸಭೆಗಳಲ್ಲಿ ಸಾಗಣೆಯ ತಂತ್ರದ ಬಗ್ಗೆ ಆಮೇಲೆ ಎಷ್ಟೋ ಭಾಷಣ ಕೇಳಿದ್ದೇನೆ. ನಮ್ಮ ಜಿಲ್ಲೆಯಲ್ಲಿ ಇಷ್ಟೊಂದು ಗೋದಾಮುಗಳು ಏಕೆ ಎದ್ದವು ಎಂಬುದನ್ನು ಇವರಷ್ಟು ಸಲೀಸಾಗಿ ಯಾರೂ ಹೇಳಲಿಲ್ಲ. "ಮೊದ್ಲು ರಾಜ್ಯಕ್ಕೊಂದು ಗೋಡೌನ್ ಇತ್ತು. ಯಾಕೆ ಗೊತ್ತಾ? ರೋಗಿಗೆ ಹತ್ರ ಇರ್ಲಿ ಅಂತಲ್ಲ, ಗಡಿ ದಾಟೋ ತೆರಿಗೆ ತಪ್ಲಿ ಅಂತ. ಜಿಎಸ್‌ಟಿ ಬಂತು, ಚೆಕ್‌ಪೋಸ್ಟ್ ಹೋಯ್ತು. ಆಗ ನಾಕು ರಾಜ್ಯದ್ದು ಒಂದೇ ಕಡೆ ಗುಡ್ಡೆ ಹಾಕಿದ್ರು. ಹೊಸಕೋಟೆ, ನೆಲಮಂಗಲದ ಹೊಲ ಎಲ್ಲಾ ಶೆಡ್ ಆಯ್ತು. ಒಳ್ಳೇದೇ. ಆದ್ರೆ ಮೊದ್ಲು ಒಂದು ಕಡೆ ಕರೆಂಟ್ ಹೋದ್ರೆ ಒಂದು ಊರಿನ ಔಷಧಿ ಕೆಡ್ತಿತ್ತು. ಈಗ ಇಲ್ಲಿ ಹೋದ್ರೆ ನಾಕು ರಾಜ್ಯದ್ದು ಕೆಡುತ್ತೆ. ಇಲ್ಲಿ ಕಾಯೋನು ನಾನೊಬ್ನೇ." ಕೊನೆಯ ವಾಕ್ಯವನ್ನು ಹೇಳುವಾಗ ಅವರ ಮುಖದಲ್ಲಿ ಜಂಬವಿರಲಿಲ್ಲ, ಗಾಬರಿ ಇತ್ತು.

ಇನ್ನು ಆ ರಿಜಿಸ್ಟರಿನ ವಿಷಯ. ಕೋಲ್ಡ್ ರೂಮಿನ ಉಷ್ಣಾಂಶವನ್ನು ವಾರದ ಏಳೂ ದಿನ ಹಗಲು ಹೊತ್ತು ಎರಡು ಗಂಟೆಗೊಮ್ಮೆ ಬರೆಯಬೇಕು. ಆದರೆ ಭಾನುವಾರ ಗೋದಾಮಿಗೆ ರಜೆ. ಗೇಟಿನಲ್ಲಿ ಸೆಕ್ಯೂರಿಟಿಯವನು ಮಾತ್ರ, ಕೋಲ್ಡ್ ರೂಮಿನ ಬೀಗದಕೈ ಅವನ ಹತ್ತಿರ ಇರುವುದಿಲ್ಲ. ಹಾಗಾದರೆ ಭಾನುವಾರದ ಕಾಲಂ ತುಂಬುವುದು ಹೇಗೆ? ಈ ಕಸುಬಿನವರಿಗೆಲ್ಲ ಉತ್ತರ ಗೊತ್ತಿದೆ, ಯಾರೂ ಬಾಯಿ ಬಿಡುವುದಿಲ್ಲ. ಸೋಮವಾರ ಬೆಳಿಗ್ಗೆ ಕೂತು ನಾಲ್ಕು ಪಾಯಿಂಟ್ ಆರು, ನಾಲ್ಕು ಪಾಯಿಂಟ್ ಎಂಟು, ಐದು ಪಾಯಿಂಟ್ ಒಂದು ಎಂದು ನಂಬುವ ಹಾಗೆ ಬರೆದುಬಿಡುವುದು. ಎಲ್ಲ ಕಡೆ ಹಾಗೆಯೇ. ಯಜಮಾನ್ರು ಮಾತ್ರ ಭಾನುವಾರದ ಒಂದೊಂದು ಚೌಕದಲ್ಲೂ ಗುಂಡಗಿನ ಅಕ್ಷರದಲ್ಲಿ 'ನೋಡಿಲ್ಲ' ಎಂದು ಬರೆದು ಪಕ್ಕದಲ್ಲಿ ಸಹಿ ಮಾಡುತ್ತಿದ್ದರು. ಇಡೀ ಇಂಗ್ಲಿಷ್ ರಿಜಿಸ್ಟರಿನಲ್ಲಿ ವಾರಕ್ಕೊಮ್ಮೆ ಮಾತ್ರ ಕನ್ನಡ ಕಾಣಿಸುತ್ತಿತ್ತು.

ಸೇರಿದ ಹೊಸತರಲ್ಲಿ ನಾನು ಅದನ್ನು ಸರಿಪಡಿಸಲು ಹೊರಟೆ. "ಯಜಮಾನ್ರೇ, ಆಡಿಟ್‌ಗೆ ಬಂದ್ರೆ ಕಾಲಂ ಖಾಲಿ ಇರಬಾರದು."

"ಖಾಲಿ ಎಲ್ಲೈತಮ್ಮ? ತುಂಬ ಬರ್ದಿದೀನಲ್ಲ."

"ನೋಡಿಲ್ಲ ಅಂತ ಬರೆದ್ರೆ ಅದು ರೀಡಿಂಗ್ ಆಗುತ್ತಾ?"

"ನೋಡದೇ ಇದ್ದಿದ್ದು ದಿಟ ತಾನೆ? ಭಾನುವಾರ ನಾನು ಕುರಿ ಹೊಡ್ಕೊಂಡು ಕೆರೆ ಕಡೆ ಇರ್ತೀನಿ. ಅಲ್ಲಿಂದ ನಾಕು ಪಾಯಿಂಟ್ ಎಂಟು ಕಾಣುತ್ತಾ?" ಎಂದು ನಕ್ಕರು. ಆಮೇಲೆ ಸಮಾಧಾನದಿಂದ ಗೋಡೆಯ ಮೇಲಿದ್ದ ಚಿಕ್ಕ ಬಿಳಿ ಪೆಟ್ಟಿಗೆಯನ್ನು ತೋರಿಸಿದರು. ಅದು ಲಾಗರು, ಉಷ್ಣಾಂಶವನ್ನು ತಾನೇ ಗುರುತು ಹಾಕಿಕೊಳ್ಳುವ ಯಂತ್ರ. "ಅದು ಇಪ್ಪತ್ನಾಕು ಗಂಟೆ ನೋಡ್ತಾ ಇರುತ್ತೆ. ಕರೆಂಟ್ ಹೋದ್ರೂ ನೋಡುತ್ತೆ, ಅದ್ರ ಹೊಟ್ಟೇಲಿ ಬ್ಯಾಟ್ರಿ ಐತೆ. ಅದು ನೋಡಿದ್ದು ಅದು ಹೇಳ್ಲಿ. ನಾನು ನೋಡಿದ್ದು ನಾನು ಹೇಳ್ತೀನಿ."

ಬ್ಯಾಟರಿಯ ಮಾತು ನನ್ನ ತಲೆಗೆ ಇಳಿಯಲಿಲ್ಲ. ನಾನು ಆಗ ಅವರ ಮೊಂಡುತನದ ಬಗ್ಗೆ ಮ್ಯಾನೇಜರಿಗೆ ಹೇಗೆ ದೂರು ಹೇಳಬೇಕೆಂದು ಯೋಚಿಸುತ್ತಿದ್ದೆ.

ಅವರಿಗೆ ನನ್ನನ್ನು ಕಂಡರೆ ಅಕ್ಕರೆ ಇತ್ತು. "ದೊಡ್ಡಬಳ್ಳಾಪುರದೋಳು, ನಿನ್ ಕಣ್ಣು ಚುರುಕಿರ್ಬೇಕು. ಮಗ್ಗದಲ್ಲಿ ಒಂದೆಳೆ ತಪ್ಪಿದ್ರೆ ಗೊತ್ತಾಗ್ಬಿಡುತ್ತೆ ನಿಮಗೆ" ಎಂದು ಕಿಚಾಯಿಸುವರು. ನಮ್ಮ ಮನೆಯಲ್ಲಿ ಎರಡು ಪವರ್‌ಲೂಮ್ ಇದ್ದದ್ದು ನಿಜ. ಎಳೆ ತಪ್ಪಿದ್ದು ನಮಗೆ ಗೊತ್ತಾಗುತ್ತಿದ್ದದ್ದೂ ನಿಜ. ಅಂಥ ಸೀರೆಯನ್ನು ಹೇಗೆ ಮಡಿಸಿದರೆ ತಪ್ಪು ಒಳಮಡಿಕೆಗೆ ಹೋಗುತ್ತದೆ ಎಂಬುದೂ ನನಗೆ ಹತ್ತನೇ ವಯಸ್ಸಿನಿಂದ ಗೊತ್ತಿತ್ತು. ಅದನ್ನು ಅವರಿಗೆ ಹೇಳಿರಲಿಲ್ಲ.

ಆ ವರ್ಷ ಒಂದು ಭಾನುವಾರ ಮಧ್ಯಾಹ್ನ ಕರೆಂಟು ಹೋಯಿತು. ತಾನಾಗಿ ಶುರುವಾಗಬೇಕಿದ್ದ ಜನರೇಟರು ಶುರುವಾಗಲಿಲ್ಲ. ಸಂಜೆಗೆ ಕರೆಂಟು ಬಂತು, ಕೋಲ್ಡ್ ರೂಮು ಮತ್ತೆ ತಣ್ಣಗಾಯಿತು. ಸೋಮವಾರ ಬೆಳಿಗ್ಗೆ ಬಂದವರಿಗೆ ಎಲ್ಲ ಸರಿಯಾಗಿಯೇ ಕಾಣಬೇಕು. ಯಜಮಾನ್ರು ಮಾತ್ರ, ಅತಿ ಹೆಚ್ಚು ಎಷ್ಟು ಏರಿತ್ತು ಎಂಬುದನ್ನು ಹಿಡಿದಿಟ್ಟುಕೊಳ್ಳುವ ಥರ್ಮಾಮೀಟರನ್ನು ನೋಡಿ, ಸೆಕ್ಯೂರಿಟಿಯವನನ್ನು ಕರೆದು ವಿಚಾರಿಸಿದರು. ಆಮೇಲೆ ರಿಜಿಸ್ಟರು ತೆಗೆದು, ಭಾನುವಾರದ ಚೌಕಗಳಲ್ಲಿ ಎಂದಿನಂತೆ 'ನೋಡಿಲ್ಲ' ಎಂದು ಬರೆದು, ಕೆಳಗೆ ಒಂದು ಸಾಲು ಸೇರಿಸಿದರು: ಸೋಮವಾರ ಬೆಳಿಗ್ಗೆ ನೋಡಿದಾಗ ಮುಳ್ಳು ಹದಿಮೂರರ ತನಕ ಹೋಗಿ ಬಂದಿದೆ. ಒಳಗೆ ಹೋಗಿ ಮೂವತ್ತೆಂಟು ಪೆಟ್ಟಿಗೆ ಇನ್ಸುಲಿನ್‌ಗೆ ಕೆಂಪು ಟೇಪು ಸುತ್ತಿದರು. ಕೆಂಪು ಟೇಪು ಎಂದರೆ ತಯಾರಿಸಿದ ಕಂಪನಿಯನ್ನು ಕೇಳಿ ಉತ್ತರ ಬರುವ ತನಕ ಅದು ಹೊರಗೆ ಹೋಗುವ ಹಾಗಿಲ್ಲ.

ಬುಧವಾರ ಅದೇ ಕಂಪನಿಯ ಆಡಿಟ್ ಇತ್ತು. ಒಪ್ಪಂದ ಮುಂದುವರಿಯಬೇಕೋ ಬೇಡವೋ ಎಂಬುದು ಅದರ ಮೇಲೆ ನಿಂತಿತ್ತು. ಮಂಗಳವಾರ ಬೆಳಿಗ್ಗೆ ಮ್ಯಾನೇಜರ್ ಒಂದು ಥರ್ಮಾಮೀಟರಿನ ತಪಾಸಣೆ ನೆಪ ಹೇಳಿ ಯಜಮಾನ್ರನ್ನು ನೆಲಮಂಗಲಕ್ಕೆ ಕಳಿಸಿಬಿಟ್ಟರು. ಆಮೇಲೆ ನನ್ನನ್ನು ಕರೆದು, "ಮೇಡಂ, ರಿಜಿಸ್ಟರ್ ಸ್ವಲ್ಪ ನೀಟಾಗಿರ್ಲಿ. ನೀವು ಓದಿರೋರು, ನಾನು ಬಿಡಿಸಿ ಹೇಳ್ಬೇಕಾಗಿಲ್ಲ" ಎಂದರು. ಅವರು ಬಿಡಿಸಿ ಹೇಳಲಿಲ್ಲ, ಇಂಥದ್ದು ಮಾಡು ಎನ್ನಲಿಲ್ಲ. ಮಾಡಿದ್ದೆಲ್ಲ ನನ್ನ ಸ್ವಂತ ಬುದ್ಧಿ.

ಆ ಮಧ್ಯಾಹ್ನ ನಾನು ಎಷ್ಟು ಶ್ರದ್ಧೆಯಿಂದ ಕೆಲಸ ಮಾಡಿದೆ ಎಂದರೆ ಅಷ್ಟು ಶ್ರದ್ಧೆಯಿಂದ ಪರೀಕ್ಷೆಯನ್ನೂ ಬರೆದಿರಲಿಲ್ಲ. ಆ ತಿಂಗಳ ಹಾಳೆಗಳನ್ನೆಲ್ಲ ಹೊಸದಾಗಿ ಬರೆದೆ. ಒಂದೇ ಸಲ ಬರೆದದ್ದು ಎಂದು ಗೊತ್ತಾಗಬಾರದೆಂದು ಮೂರು ಪೆನ್ನು ಬಳಸಿದೆ. ಅವರ ಏಳರ ನಡುವಿನ ಅಡ್ಡಗೆರೆ, ನಾಲ್ಕರ ಮುರುಕು ಕಾಲು ಎಲ್ಲ ಬಂತು. ಹಾಳೆ ಹಳತಾಗಿ ಕಾಣಲಿ ಎಂದು ಟೀ ಲೋಟದ ಅಡಿಯನ್ನು ಒದ್ದೆ ಮಾಡಿ ಒಂದು ಮೂಲೆಗೆ ಒತ್ತಿದೆ. ಆ ಭಾನುವಾರಕ್ಕೆ ನಾಲ್ಕು ಪಾಯಿಂಟ್ ಎಂಟು, ಐದು ಪಾಯಿಂಟ್ ಒಂದು, ನಾಲ್ಕು ಪಾಯಿಂಟ್ ಒಂಬತ್ತು. ಹದಿಮೂರರ ಸಾಲು ಮಾಯ. ಪ್ರತಿ ಚೌಕದ ಪಕ್ಕ ಅವರ ಸಹಿ, ಅದನ್ನೂ ನಾನೇ ಹಾಕಿದೆ. ಕರೆಂಟು ಇಲ್ಲದಿದ್ದಾಗ ಲಾಗರೂ ಆಫ್ ಆಗಿರುತ್ತದೆ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡೆ.

ಮ್ಯಾನೇಜರ್ ಹಾಳೆಗಳನ್ನು ತಿರುವಿ ನೋಡಿ ಖುಷಿಪಟ್ಟರು. "ರೀಡಿಂಗ್ ಸರಿ ಇದ್ಮೇಲೆ ಆ ಕೆಂಪು ಟೇಪ್ ಯಾಕೆ ಮತ್ತೆ?" ಎಂದರು. ನನ್ನನ್ನು ಕೇಳಿದ್ದೋ ತಮಗೆ ತಾವೇ ಹೇಳಿಕೊಂಡದ್ದೋ ತಿಳಿಯಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ತಿಳಿದಿತ್ತು. ಉತ್ತರ ಕೊಡದೆ ಬ್ಯಾಗು ಹೆಗಲಿಗೇರಿಸಿ ಐದು ಗಂಟೆಯ ಬಸ್ಸಿಗೆ ಹೊರಟೆ.

ಬುಧವಾರ ಬೆಳಿಗ್ಗೆ ಆ ಪೆಟ್ಟಿಗೆಗಳು ಕೋಲ್ಡ್ ರೂಮಿನಲ್ಲಿರಲಿಲ್ಲ, ಕಸದ ಬುಟ್ಟಿಯಲ್ಲಿ ಕಿತ್ತ ಕೆಂಪು ಟೇಪು ಬಿದ್ದಿತ್ತು. ಅಂದು ಬಂದ ಆಡಿಟರು ಮೆತ್ತಗೆ ಮಾತಾಡುವ ಮನುಷ್ಯ. ಲಾಗರಿನ ಪ್ರಿಂಟು ತೆಗೆಸಿ ರಿಜಿಸ್ಟರಿನ ಪಕ್ಕ ಇಟ್ಟುಕೊಂಡು ಬೆರಳು ಓಡಿಸುತ್ತ ಬಂದರು. ಭಾನುವಾರಕ್ಕೆ ಬಂದು ಬೆರಳು ನಿಂತಿತು. ಪ್ರಿಂಟಿನ ಗೆರೆ ಅಲ್ಲಿ ಗುಡ್ಡದ ಹಾಗೆ ಎದ್ದಿತ್ತು. ನನ್ನ ಅಂಕಿಗಳು ಸಪಾಟಾಗಿ ಮಲಗಿದ್ದವು. ಆಗ ನೆನಪಾಯಿತು ಬ್ಯಾಟರಿ.

"ಈ ಸಹಿ ಯಾರದ್ದು?" ಎಂದು ಆಡಿಟರು ಕೇಳಿದರು.

ಎಲ್ಲರೂ ಯಜಮಾನ್ರ ಕಡೆ ನೋಡಿದರು. ಅವರು ಮಂಕಿ ಕ್ಯಾಪು ಕೈಯಲ್ಲಿ ಹಿಡಿದುಕೊಂಡು ಬಾಗಿಲ ಹತ್ತಿರ ನಿಂತಿದ್ದರು. ಮುಂದೆ ಬಂದು ರಿಜಿಸ್ಟರನ್ನು ತಮ್ಮ ಕಡೆ ತಿರುಗಿಸಿಕೊಂಡು ನೋಡಿದರು. ಟೀ ಲೋಟದ ಉಂಗುರದ ಮೇಲೆ ಒಂದು ಸಲ ಹೆಬ್ಬೆರಳು ಆಡಿಸಿದರು. ಅವರು ಟೀ ಕುಡಿಯುವವರಲ್ಲ, ಅದು ಗೋದಾಮಿಗೆಲ್ಲ ಗೊತ್ತು. ತಲೆ ಎತ್ತಿ ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

"ನಂದೇ ಸಾರ್" ಎಂದರು.

"ಆ ಸ್ಟಾಕ್ ಎಲ್ಲಿ?" ಎಂದು ಆಡಿಟರು ಕೇಳುವಷ್ಟರಲ್ಲಿ ಮ್ಯಾನೇಜರ್, "ಬೇರೆ ಇಟ್ಟಿದೀವಿ ಸಾರ್" ಎಂದುಬಿಟ್ಟರು. ಆಡಿಟರು ಅದನ್ನೇ ಬರೆದುಕೊಂಡರು. ಊಟದ ಹೊತ್ತಿಗೆ ಯಜಮಾನ್ರ ಕೈಯಿಂದ ಬೀಗದಕೈ ಇಸಿದುಕೊಂಡಿದ್ದರು. ಅಂಗಳದಲ್ಲಿ ಅವರು ಮ್ಯಾನೇಜರನ್ನು ಅಡ್ಡಗಟ್ಟಿ, "ಆ ಪೆಟ್ಟಿಗೆ ಎಲ್ಲಿಟ್ಟಿದ್ದೀರಿ, ಒಂದ್ಸಲ ತೋರ್ಸಿ ಸಾಕು" ಎಂದು ಕೇಳುತ್ತಿದ್ದದ್ದು ನನ್ನ ಕಿಟಕಿಯಿಂದ ಕೇಳಿಸಿತು. "ಅದೆಲ್ಲ ನಿಮಗ್ಯಾಕೆ ಈಗ" ಎಂದರು ಮ್ಯಾನೇಜರ್.

ಆ ವಾರದ ಕೊನೆಯಲ್ಲಿ ಅವರಿಂದ ರಾಜೀನಾಮೆ ಬರೆಸಿಕೊಂಡರು. ಆಡಿಟಿಗೆ ಉತ್ತರವನ್ನು ಟೈಪು ಮಾಡಿದವಳು ನಾನು. ಮೂಲ ಕಾರಣ: ಸಿಬ್ಬಂದಿಯ ತಪ್ಪು. ತೆಗೆದುಕೊಂಡ ಕ್ರಮ: ಸಂಬಂಧಪಟ್ಟ ಸಿಬ್ಬಂದಿಯನ್ನು ಕೆಲಸದಿಂದ ಬಿಡುಗಡೆ ಮಾಡಲಾಗಿದೆ. ಒಪ್ಪಂದ ಉಳಿಯಿತು. ಉತ್ತರ ಅಚ್ಚುಕಟ್ಟಾಗಿದೆ ಎಂದು ನನ್ನನ್ನು ಹೊಗಳಿದರು. ಹೋಗುವ ದಿನ ಅವರು ಸ್ವೆಟರು, ಕ್ಯಾಪು ಚೀಲಕ್ಕೆ ತುಂಬಿಕೊಂಡು ನನ್ನ ಮೇಜಿನ ಹತ್ತಿರ ಬಂದು, "ಬರ್ತೀನಮ್ಮ. ಕಣ್ ಚುರುಕಾಗಿಟ್ಕೋ" ಎಂದರು. ನಾನು ಕಂಪ್ಯೂಟರಿನಿಂದ ಮುಖ ತಿರುಗಿಸದೆ "ಹ್ಞೂಂ" ಎಂದೆ. ಒಂದು ಮಾತು ಕೂಡ ಆಡದಷ್ಟು ಹೇಡಿ ನಾನು.

ವರ್ಷಗಳು ಕಳೆದವು. ಮ್ಯಾನೇಜರ್ ಬೇರೆ ಕಂಪನಿಗೆ ಹೋದರು. ನಾನು ಮೂರು ಗೋದಾಮುಗಳ ಕ್ವಾಲಿಟಿ ನೋಡಿಕೊಳ್ಳುವ ಮಟ್ಟಕ್ಕೆ ಬಂದೆ. ಹೊಸದಾಗಿ ಸೇರುವವರಿಗೆ ದಾಖಲೆ ಬರೆಯುವುದು ಹೇಗೆ ಎಂಬ ತರಬೇತಿ ಕೊಡುವುದೂ ನನ್ನ ಕೆಲಸ. ಅದರಲ್ಲಿ ಒಂದು ಮಾತು ಹೇಳುತ್ತೇನೆ, ಹಾಲು ಕೆಟ್ಟರೆ ತಾನೇ ಹೇಳುತ್ತದೆ, ಔಷಧಿ ಹೇಳುವುದಿಲ್ಲ, ಅದರ ಪರವಾಗಿ ನಾವು ಹೇಳಬೇಕು ಎಂದು. ಎಲ್ಲರೂ ಬರೆದುಕೊಳ್ಳುತ್ತಾರೆ. ಕೆಲವರು ಚಪ್ಪಾಳೆ ತಟ್ಟುತ್ತಾರೆ. ಯಾರ ಮಾತು ಎಂದು ಒಮ್ಮೆಯೂ ಹೇಳಿಲ್ಲ.

ಹೋದ ವರ್ಷ ಶ್ರಾವಣದಲ್ಲಿ, ಅಂಥ ಒಂದು ಚಪ್ಪಾಳೆಯಾದ ಮರುದಿನ, ತಡೆಯಲಾರದೆ ನಂದಗುಡಿ ಕಡೆಗೆ ಹೊರಟೆ. ಊರು ಹುಡುಕುವುದು ಕಷ್ಟವಾಗಲಿಲ್ಲ. ಬೆಳಿಗ್ಗೆ ಹಾಲಿನ ಡೈರಿಯ ಹತ್ತಿರ ಕ್ಯಾನು ಹಿಡಿದವರ ಸಾಲು. ಒಳಗೆ ಹಾಲು ತಣ್ಣಗಿಡುವ ದೊಡ್ಡ ಸ್ಟೀಲ್ ತೊಟ್ಟಿ, ಅದರ ಪಕ್ಕ ಅದೇ ಕಂದು ಸ್ವೆಟರು. ತೊಟ್ಟಿಯ ಉಸ್ತುವಾರಿ ಅವರದಂತೆ. ತೆಳ್ಳಗಾಗಿದ್ದರು. ನನ್ನನ್ನು ಕಂಡು, "ಏನಮ್ಮಾ, ದೊಡ್ಡಬಳ್ಳಾಪುರ! ದಾರಿ ತಪ್ಪಿ ಬಂದ್ಬಿಟ್ಯಾ?" ಎಂದು ಬಾಯ್ತುಂಬ ನಕ್ಕರು. ಕುರ್ಚಿ ಎಳೆದು ಹಾಕಿದರು, ಹಾಲು ಕಾಯಿಸಿ ತರಲು ಮನೆಗೆ ಹೇಳಿ ಕಳಿಸಿದರು. "ನಮ್ ಊರ್ಗೂ ಗೋಡೌನ್ ಬರುತ್ತಂತೆ, ಜಮೀನ್ ಕೇಳ್ಕೊಂಡು ಓಡಾಡ್ತಾವ್ರೆ. ಬಂದ್ರೆ ನನ್ನ ಕೆಲ್ಸಕ್ಕೆ ಸೇರಿಸ್ತೀಯಾ?" ಎಂದರು.

ಗೋಡೆಯ ಮೇಲೆ ಹಾಲಿನ ಉಷ್ಣಾಂಶ ಬರೆಯುವ ಚಾರ್ಟು. ಅಂಕಿಗಳ ನಡುವೆ ಅಲ್ಲಲ್ಲಿ ಅದೇ ಗುಂಡಗಿನ 'ನೋಡಿಲ್ಲ'.

ನಾನು ಬಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಮರೆತು ಹೋಯಿತು. "ನನ್ನಿಂದ ತಪ್ಪಾಯ್ತು ಯಜಮಾನ್ರೇ" ಎಂದೆ.

"ಯಾವುದು?"

"ಎಲ್ಲಾ."

"ಎಲ್ಲಾ ಅಂದ್ರೆ ಏನೂ ಅಲ್ಲ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಲೋಡಿಂಗ್‌ನವನ ಲೆಕ್ಕ ತಪ್ಪಿದಾಗ ತಿದ್ದುವ ದನಿ. "ದಿನ ಹೇಳು, ಗಂಟೆ ಹೇಳು."

"ಭಾನುವಾರ. ಹನ್ನೆರಡು ಗಂಟೆ, ಎರಡು ಗಂಟೆ, ನಾಲ್ಕು ಗಂಟೆ. ನಾನೇ ಬರೆದದ್ದು. ನಿಮ್ಮ ಸಹಿಯನ್ನೂ ನಾನೇ ಹಾಕಿದ್ದು."

"ಹ್ಞಾಂ" ಎಂದು ತಲೆಯಾಡಿಸಿದರು. "ಗೊತ್ತಿತ್ತು. ಟೀ ಬೇರೆ ಚೆಲ್ಲಿದ್ಯಲ್ಲ."

"ಮತ್ತೆ ನಿಮ್ಮದು ಅಂತ ಯಾಕೆ ಹೇಳಿದ್ರಿ?"

ಅವರು ತೊಟ್ಟಿಯ ಮುಚ್ಚಳವನ್ನು ಒತ್ತಿ ಕೂರಿಸಿದರು. "ನಂದಲ್ಲ ಅಂದಿದ್ರೆ ಯಾರದ್ದು ಅಂತ ಕೇಳೋರು. ನೀನಿನ್ನೂ ಹೊಸಬಳು, ನಿನ್ ಓದೆಲ್ಲ ನೀರುಪಾಲಾಗೋದು. ನಂಗೇನು, ಎರಡು ವರ್ಷ ಉಳಿದಿತ್ತು. ಅದನ್ನ ಒಳ್ಳೇದು ಮಾಡ್ದೆ ಅಂದ್ಕೊಂಡಿಲ್ಲ ಕಣಮ್ಮ. ನನ್ ಸರ್ವೀಸಲ್ಲಿ ಸುಳ್ಳು ಅಂತ ಹೇಳಿದ್ದು ಅದೊಂದೇ ಮಾತು. ಈಗ್ಲೂ ಒಂದೊಂದ್ಸಲ ಚುಚ್ಚುತ್ತೆ."

ನಾನು ಅವರ ಕೆಲಸ ಕಳೆದೆ, ಹೆಸರು ಕೆಡಿಸಿದೆ ಎಂದಷ್ಟೇ ಅಲ್ಲಿಯವರೆಗೆ ತಿಳಿದಿದ್ದೆ. ಅವರ ಬಾಯಿಂದ ಸುಳ್ಳು ಹೇಳಿಸಿದವಳೂ ನಾನೇ ಎಂಬುದು ಆಗ ಗೊತ್ತಾಯಿತು. ಹಾಲಿನ ಲೋಟ ಬಂತು. ಕುಡಿಯದೆ ಕೆಳಗಿಟ್ಟೆ.

ಆಗ ಅವರು ಮುಂದಕ್ಕೆ ಬಾಗಿ, ಇಷ್ಟು ವರ್ಷ ಅದೊಂದಕ್ಕೇ ಕಾದಿದ್ದವರ ಹಾಗೆ ಕೇಳಿದರು. "ಅದಿರ್ಲಿ. ಆ ಮೂವತ್ತೆಂಟು ಪೆಟ್ಟಿಗೆ ಏನಾದ್ವು? ಆಚೆ ಹೋದ್ವಾ, ಉಳಿದ್ವಾ?"

ಪ್ರತಿಯೊಂದು ಪೆಟ್ಟಿಗೆಗೂ ಬ್ಯಾಚ್ ನಂಬರಿದೆ. ಕಂಪ್ಯೂಟರಿನಲ್ಲಿ ಅದನ್ನು ಒತ್ತಿದರೆ ಯಾವ ದಿನ, ಯಾವ ಗಾಡಿಯಲ್ಲಿ, ಯಾವ ಊರಿನ ಯಾವ ಅಂಗಡಿಗೆ ಹೋಯಿತು ಎಂದು ಬರುತ್ತದೆ. ಆ ಬ್ಯಾಚ್ ನಂಬರು ನನಗೆ ಬಾಯಿಪಾಠ. ಆ ಬುಧವಾರದಿಂದ ಹೋದ ಶ್ರಾವಣದವರೆಗೆ ಯಾವ ದಿನವಾದರೂ ಒತ್ತಬಹುದಿತ್ತು. ಹೋಗಿದ್ದರೆ ಆಗಲೇ ವಾಪಸು ತರಿಸಬಹುದಿತ್ತು. ತರಿಸಿದರೆ ಏಕೆ ಎಂದು ಕೇಳುತ್ತಿದ್ದರು. ಅದಕ್ಕೇ ಒತ್ತಿರಲಿಲ್ಲ.

"ನೋಡಿಲ್ಲ" ಎಂದೆ.

ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಅವರು ಕನ್ನಡಕ ಒರೆಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. "ಈಗಾದ್ರೂ ನೋಡ್ಬೋದಲ್ಲಮ್ಮ" ಎಂದರು. "ನೋಡ್ಬಿಟ್ಟು ನಂಗೊಂದು ಫೋನ್ ಮಾಡು. ಹೋಗಿದ್ರೆ ಹೋಯ್ತು ಅನ್ನು. ಗೊತ್ತಾದ್ರೆ ಸಾಕು."

"ಇವತ್ತೇ ನೋಡಿ ಫೋನ್ ಮಾಡ್ತೀನಿ" ಎಂದು ಮಾತು ಕೊಟ್ಟೆ. ಅವರು ಗಡಿಯಾರ ನೋಡಿ, "ಅಯ್ಯೋ, ಮಾತಲ್ಲಿ ಎಂಟು ಗಂಟೆದು ಹೋಯ್ತು" ಎಂದು ಎದ್ದು ಚಾರ್ಟಿನಲ್ಲಿ ಎಂಟರ ಚೌಕದಲ್ಲಿ 'ನೋಡಿಲ್ಲ' ಎಂದು ಬರೆದು ಸಹಿ ಹಾಕಿದರು.

ಆ ದಿನ ನೋಡಲಿಲ್ಲ. ಆ ವಾರ ನೋಡಲಿಲ್ಲ. ಎರಡು ಸಲ ನಂಬರು ಹಾಕಿ, ಗುಂಡಿ ಒತ್ತದೆ ಪರದೆ ಮುಚ್ಚಿದೆ. ಹೋಗಿದ್ದರೆ ಎಂಬ ಭಯ ಒಂದು ಕಡೆ. ಹೋಗಿರದಿದ್ದರೆ ಇಷ್ಟು ವರ್ಷ ಸುಮ್ಮನೆ ಅವರನ್ನು ಕೊರಗಿಸಿದೆನಲ್ಲ ಎಂಬುದು ಇನ್ನೊಂದು ಕಡೆ. ದೀಪಾವಳಿ ಆಗಲಿ, ಸಂಕ್ರಾಂತಿ ಆಗಲಿ ಎಂದು ಮುಂದೂಡಿದೆ. ಅವರೂ ಫೋನ್ ಮಾಡಿ ಕೇಳಲಿಲ್ಲ.

ಹೋದ ತಿಂಗಳು ಡ್ರೈವರನ ಫೋನು ಬಂದ ದಿನ, ಮುಖ ತೊಳೆದುಕೊಂಡು ಬಂದು ಕೂತು, ಬ್ಯಾಚ್ ನಂಬರು ಹಾಕಿ ಒತ್ತಿದೆ. ಪರದೆಯ ಮೇಲೆ ದಾಖಲೆ ಇಲ್ಲ ಎಂದು ಬಂತು. ಕಂಪ್ಯೂಟರ್ ವಿಭಾಗದವರನ್ನು ಕೇಳಿದೆ. "ಅದು ಬಾಳ ಹಳೇದು ಮೇಡಂ. ರೂಲ್ ಪ್ರಕಾರ ಇಡ್ಬೇಕಾದಷ್ಟು ವರ್ಷ ಇಟ್ಟಿದ್ವಿ. ಮಾರ್ಚಲ್ಲಿ ಅಳಿಸಿದ್ವಿ, ನಿಮ್ದೇ ಅಪ್ರೂವಲ್ ಇತ್ತಲ್ಲ" ಎಂದರು. ಹುಡುಕಿ ನೋಡಿದೆ. ಹೌದು, ಅಳಿಸಬಹುದು ಎಂಬ ಪಟ್ಟಿಯ ಕೆಳಗೆ ನನ್ನ ಸಹಿ ಇದೆ. ಓದದೆ ಹಾಕಿದ್ದೆ.

ಆ ಮೂವತ್ತೆಂಟು ಪೆಟ್ಟಿಗೆಗಳನ್ನು ಯಾರು ಕೊಂಡರು, ಯಾರು ಚುಚ್ಚಿಕೊಂಡರು, ಔಷಧಿ ತೆಗೆದುಕೊಂಡರೂ ಸಕ್ಕರೆ ಏಕೆ ಇಳಿಯುತ್ತಿಲ್ಲ ಎಂದು ಯಾವ ಮನೆಯಲ್ಲಿ ಯಾರು ಕಂಗಾಲಾದರು, ಅಥವಾ ಒಂದು ಪೆಟ್ಟಿಗೆಯೂ ಆಚೆ ಹೋಗಲೇ ಇಲ್ಲವೋ, ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಅಂಕಿ ಕಟ್ಟಿ ಬರೆಯುವುದು ನನಗೆ ಚೆನ್ನಾಗಿ ಬರುತ್ತದೆ. ಯಾವ ಪೆಟ್ಟಿಗೆಯೂ ಹೋಗಿರಲಾರದು ಎಂದು ಈ ಬರಹವನ್ನು ಸಮಾಧಾನದಲ್ಲಿ ಮುಗಿಸಲೂಬಹುದಿತ್ತು.

ಅವರು ಕೇಳಿದ ಹಾಗೆ ದಿನ, ಗಂಟೆ ಹೇಳಿಯೇ ಬರೆಯುತ್ತೇನೆ. ಮಂಗಳವಾರ, ಸಂಜೆ ಐದು ಗಂಟೆ, ಕೆಂಪು ಟೇಪು ತೆಗೆದ ಪೆಟ್ಟಿಗೆಗಳು ಎಲ್ಲಿಗೆ ಹೋದವು: ನೋಡಿಲ್ಲ. ಈ ಸಲದ ಸಹಿ ನನ್ನದೇ.